ಮಾಳಿಗೆ ಮೇಲಿನ ಒಡ್ಡು

ಅವರು ಯಾರ ಮನೆಗೆ ಹೋದರೂ ಮೊದಲು ಮೇಲೆ ನೋಡುತ್ತಿದ್ದರು. ಮನೆಯವರ ಮುಖ ನೋಡುವುದು, ಕ್ಷೇಮ ಕೇಳುವುದು, ಕೊಟ್ಟ ನೀರು ಕುಡಿಯುವುದು ಎಲ್ಲ ಆಮೇಲೆ. ಹೊಸ್ತಿಲು ದಾಟಿ ನಿಂತು, ಕತ್ತೆತ್ತಿ, ಜಂತಿಗಳ ಸಾಲನ್ನು ಆ ತುದಿಯಿಂದ ಈ ತುದಿಯವರೆಗೆ ಕಣ್ಣಲ್ಲೇ ಅಳೆದು, ‘ಹೂಂ’ ಅಂದ ಮೇಲೆಯೇ ಕೂರುವುದು. ನನ್ನ ಚೊಚ್ಚಲ ಮಗನನ್ನು ತವರಿನಿಂದ ಎತ್ತಿಕೊಂಡು ಬಂದಾಗ ಕೂಸು ನೋಡಲೆಂದು ಬಂದವರು ತೊಟ್ಟಿಲ ಪಕ್ಕ ನಿಂತು, ತೊಟ್ಟಿಲು ಕಟ್ಟಿದ್ದ ತೊಲೆಯನ್ನೇ ಅಷ್ಟು ಹೊತ್ತು ನೋಡಿದರು. ‘ತೊಲಿ ಚಲೋ ಐತಿ’ ಎಂದರು. ಆಮೇಲೆ ಬಗ್ಗಿ, ‘ಕೂಸೂ ಚಲೋ ಐತಿ’ ಎಂದರು. ನನಗೆ ಸಿಟ್ಟು ಬಂತು. ಹೆತ್ತವಳಿಗೆ ಬರದೇ ಇರುತ್ತದೆಯೇ?

ಮೊನ್ನೆ ಸಿರುಗುಪ್ಪದಿಂದ ಬಂದ ಪರಿಚಯದವರೊಬ್ಬರು ಯಾವುದೋ ಮಾತಿನ ನಡುವೆ, ಅವರು ತೀರಿಕೊಂಡು ಎರಡು ತಿಂಗಳಾಯಿತು ಎಂದರು. ನನಗೆ ಯಾರೂ ತಿಳಿಸಿರಲಿಲ್ಲ. ತಿಳಿಸಲೇಬೇಕಾದ ಸಂಬಂಧವೂ ಅಲ್ಲ ಬಿಡಿ, ಬರೀ ನೆರೆಮನೆ. ಆದರೂ ಕೈಯಲ್ಲಿದ್ದ ಕೆಲಸ ಬಿಟ್ಟು ಕೂತುಬಿಟ್ಟೆ. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಓಣಿಯಲ್ಲಿ ಹೆಸರು ಹಿಡಿದು ಕರೆಯುವವರು ಆಗಲೂ ಇರಲಿಲ್ಲ, ಹಿರಿಯರು ಕಿರಿಯರು ಎನ್ನದೆ ಎಲ್ಲರಿಗೂ ಅವರು ದೊಡ್ಡವ್ವ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ. ಅಪ್ಪ ಒಂದು ಕಚೇರಿಯಲ್ಲಿ ಗುಮಾಸ್ತರು. ನಮ್ಮದು ಮಂಗಳೂರು ಹೆಂಚಿನ ಮನೆ. ಕೋತಿ ಬಂದು ಹೆಂಚು ಸರಿಸುತ್ತದೆ, ಮಳೆ ಬಂದಾಗ ಸೋರುತ್ತದೆ, ಆಳು ಬಂದು ಸರಿಮಾಡುತ್ತಾನೆ: ಸೂರಿನ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮದುವೆಯಾಗಿ ಸಿರುಗುಪ್ಪಕ್ಕೆ ಬಂದೆ. ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ನನ್ನವರು ಅಲ್ಲಿ ಸಾಲೆಯ ಮೇಷ್ಟ್ರು. ಮನೆಯೊಳಗೆ ಕಾಲಿಟ್ಟು ಮೇಲೆ ನೋಡಿದರೆ ಮಣ್ಣು! ತಲೆಯ ಮೇಲೆ ಒಂದು ಹೊಲವನ್ನೇ ಹೊತ್ತುಕೊಂಡು ಈ ಜನ ಹೇಗೆ ನಿದ್ದೆ ಮಾಡುತ್ತಾರಪ್ಪಾ ಎನ್ನಿಸಿತು. ಅಮ್ಮನಿಗೆ ಹೇಳಿ ಅತ್ತುಬಿಟ್ಟಿದ್ದೆ ಕೂಡ.

ದೊಡ್ಡವ್ವನನ್ನು ಮೊದಲು ಕಂಡದ್ದೂ ಮಾಳಿಗೆಯ ಮೇಲೆಯೇ. ಅವರ ಮನೆ ನಮಗೆ ಒತ್ತಿಕೊಂಡಿತ್ತು. ನಡುವೆ ಮೊಣಕಾಲೆತ್ತರದ ಕುಂಬಿ, ಅಂದರೆ ಮಾಳಿಗೆಯ ಅಂಚಿನ ಗಿಡ್ಡ ಗೋಡೆ, ದಾಟಿದರೆ ಅವರ ಮಾಳಿಗೆ. ನಾನು ಬಟ್ಟೆ ಒಣಹಾಕಲು ಹಗ್ಗ ಕಟ್ಟೋಣವೆಂದು ಮಾಳಿಗೆಗೆ ಒಂದು ಗೂಟ ಹೊಡೆಯುತ್ತಿದ್ದೆ. ಕಂಟೋನ್ಮೆಂಟಿನ ಬುದ್ಧಿ. ಅವರು ಬೈಯಲಿಲ್ಲ. ಸೀರೆ ಎತ್ತಿ ಕಟ್ಟಿ ಕುಂಬಿ ದಾಟಿ ಬಂದು, ಗೂಟ ಕಿತ್ತು, ಆ ತೂತಿಗೆ ತಮ್ಮ ನಡುಬೆರಳು ಇಳಿಸಿದರು. ಪೂರಾ ಇಳಿಯಿತು. ಮಣ್ಣು ಹತ್ತಿದ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದು ಕೇಳಿದರು.

‘ನೀನು ಮಲಗೋದೆಲ್ಲಿ?’

ಎಲ್ಲಿ ಎಂದು ತೋರಿಸಿದೆ. ಗೂಟ ಹೊಡೆದ ಜಾಗ ಸರಿಯಾಗಿ ಅದರ ಮೇಲೆಯೇ ಇತ್ತು.

‘ಮಳಿಗಾಲದಾಗ ನಿಮ್ಮಿಬ್ಬರ ನಡುವ ಮಲಗಾಕ ನೀರು ಬರತೈತಿ ನೋಡು’ ಎಂದು, ಹಿಡಿ ಮಣ್ಣು ಕಲಸಿ ತೂತನ್ನು ಮುಚ್ಚಿ, ಹೆಬ್ಬೆರಳಿಂದ ಒತ್ತಿ, ಮೇಲೊಂದು ಉಗುಳು ಸವರಿ ಹೋದರು. ಹೊಸ ಸೊಸೆ ನಾನು, ಮುಖವೆಲ್ಲ ಕೆಂಪು.

ಮಾಳಿಗೆ ಎಂದರೇನು ಎಂದು ಈಗಿನವರಿಗೆ ಬಿಡಿಸಿ ಹೇಳಬೇಕು. ಗೋಡೆಯಿಂದ ಗೋಡೆಗೆ ದಪ್ಪನೆಯ ತೊಲೆ, ತೊಲೆಯ ಮೇಲೆ ಅಡ್ಡಕ್ಕೆ ಜಂತಿ, ಜಂತಿಯ ಮೇಲೆ ಸೀಳು ಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಆಮೇಲೆ ಕಲಸಿದ ಮಣ್ಣು, ಎಲ್ಲಕ್ಕೂ ಮೇಲೆ ಚೌಳು ಮಣ್ಣು. ಚೌಳೆಂದರೆ ಬೆಳೆ ಬಾರದ, ಉಪ್ಪುಪ್ಪಾದ ಬಿಳಿ ಮಣ್ಣು. ಹೊಲದಲ್ಲಿ ಕಂಡರೆ ರೈತ ಬೈಯುತ್ತಾನೆ, ಮಾಳಿಗೆಗೆ ಬೇಕಾದಾಗ ಅದನ್ನೇ ಹುಡುಕಿಕೊಂಡು ಹೋಗುತ್ತಾನೆ. ನೀರು ಬಿದ್ದ ಕೂಡಲೇ ಅದು ಉಬ್ಬಿ, ಬಿಗಿದುಕೊಂಡು, ಮುಂದಿನ ಹನಿಯನ್ನು ಕೆಳಗಿಳಿಯಗೊಡುವುದಿಲ್ಲ. ವರ್ಷಕ್ಕೊಮ್ಮೆ ಮಿರಗದ, ಅಂದರೆ ಮೃಗಶಿರೆಯ, ಮಳೆಗೆ ಮುಂಚೆ ಹಳೆಯದನ್ನು ಕೆರೆದು ತೆಗೆದು, ಹೊಸದು ಹರಡಿ, ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿದರೆ ಆ ವರ್ಷ ಗೆದ್ದಂತೆ.

ತೆಕ್ಕಲಕೋಟೆಯ ಕಡೆಯಿಂದ ಚೌಳಿನ ಗಾಡಿಗಳು ಬರುತ್ತಿದ್ದವು. ಗಾಡಿ ಓಣಿಗೆ ಬಂತೆಂದರೆ ದೊಡ್ಡವ್ವ ಎದುರಿಗೆ ನಿಂತಿರುತ್ತಿದ್ದರು. ಒಂದು ಚಿಟಿಕೆ ಮಣ್ಣು ತೆಗೆದು ನಾಲಿಗೆಯ ತುದಿಗೆ ಇಟ್ಟು, ಕಣ್ಣು ಮುಚ್ಚುತ್ತಿದ್ದರು. ಗಾಡಿಯವನು ಉಸಿರು ಬಿಗಿಹಿಡಿದು ಅವರ ಮುಖವನ್ನೇ ನೋಡುವುದು. ನಾಲಿಗೆ ಚುರ್ ಎಂದರೆ ಗಾಡಿ ಒಳಕ್ಕೆ. ಇಲ್ಲದಿದ್ದರೆ ಥೂ ಎಂದು ಉಗಿದು, ‘ಇದ್ರಾಗ ಹೊಲದ ಮಣ್ಣು ಕೂಡಿಸೀರಿ, ಶ್ರಾವಣದಾಗ ತಲಿ ಮ್ಯಾಲೆ ಹುಲ್ಲು ಬೆಳೀತೈತಿ’ ಎಂದು ತಿರುಗಿಸಿ ಕಳಿಸುತ್ತಿದ್ದರು. ಒಮ್ಮೆ ಯಾರೂ ಇಲ್ಲದಾಗ ನಾನೂ ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ನೋಡಿದೆ. ಉಪ್ಪಿತ್ತು, ಅಷ್ಟೇ. ಒಳ್ಳೆಯದೋ ಕೆಟ್ಟದ್ದೋ ದೇವರಿಗೇ ಗೊತ್ತು. ಬಾಯಿ ಮುಕ್ಕಳಿಸುವಾಗ ಅತ್ತೆ ನೋಡಿ, ಬಯಕೆಯೇನೋ ಎಂದುಕೊಂಡು ಖುಷಿಪಟ್ಟರು.

ಮಳೆ ನಿಂತ ಮರುಗಳಿಗೆಗೆ ಅವರು ಮಾಳಿಗೆಯ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದರು. ನಮ್ಮ ನಿಮ್ಮ ಹಾಗಲ್ಲ, ಹಿಮ್ಮಡಿ ಊರಿ ಊರಿ. ಸದ್ದು ಗಟ್ಟಿಯಾಗಿ ಬಂದರೆ ಮುಂದಿನ ಹೆಜ್ಜೆ. ಎಲ್ಲಾದರೂ ಡೊಬ್ ಎಂದಿತೋ ಅಲ್ಲೇ ಕೂತು ಬೆರಳಿಂದ ಕೆದಕುವುದು. ಇಲಿ ಬಿಲ ತೋಡಿರುತ್ತಿತ್ತು, ಇಲ್ಲವೇ ಗೆದ್ದಲು ಜಂತಿಯನ್ನು ತಿಂದು ಮೇಲೆ ಬಂದಿರುತ್ತಿತ್ತು. ಹುಲ್ಲು ಕಂಡರೆ ಅವರಿಗೆ ಆಗದು. ಮೇಲಿಂದ ಹರಿದರೆ ಬೇರು ಒಳಗೇ ಉಳಿದು ಕೊಳೆತು ನೀರಿಗೆ ದಾರಿಯಾಗುತ್ತದೆ, ಎಳೆಯದಿರುವಾಗಲೇ ಬೇರು ಸಹಿತ ಕೀಳಬೇಕು. ಕಸ ಗುಡಿಸಿ ತೂಬಿನ ಬಾಯಿ ಬಿಡಿಸಬೇಕು. ತೂಬು ಎಂದರೆ ಮಾಳಿಗೆಯ ನೀರು ಹೊರಗೆ ಬೀಳುವ ಕಂಡಿ. ಹತ್ತಿಕಟ್ಟಿಗೆಯ ಹೊರೆ ಮೇಲೆ ಒಟ್ಟಬಾರದು, ಅದರ ಅಡಿ ತೇವ ಆರುವುದಿಲ್ಲ. ಹಳೆಯ ಮಣ್ಣಿನ ಮೇಲೆ ಹೊಸ ಮಣ್ಣು ಪೇರಿಸಬಾರದು, ತೊಲೆಗೆ ಭಾರ. ಒಂದು ತಂಬಿಗೆ ನೀರು ಚೆಲ್ಲಿ, ಅದು ಎತ್ತ ಹೋಗುತ್ತದೆಂದು ಕುಕ್ಕರುಗಾಲಲ್ಲಿ ಅದರ ಹಿಂದೆಯೇ ಸರಿಯುತ್ತ ಹೋಗುವರು. ಐವತ್ತರ ಹತ್ತಿರದ ಹೆಂಗಸು, ಸಣ್ಣ ಹುಡುಗಿಯ ಹಾಗೆ. ನೀರು ನಿಂತಲ್ಲಿ ತಾವೂ ನಿಂತು, ‘ಯಾಕ ನಿಂತಿ?’ ಎಂದು ಅದನ್ನೇ ಕೇಳುತ್ತಿದ್ದರು.

ಒಂದು ವಿಷಯ ಮಾತ್ರ ನನಗೆ ಬಗೆಹರಿಯಲಿಲ್ಲ. ಮಾಳಿಗೆಯ ಮೇಲೆ ಈ ಪಾಠ ಹೇಳುವಾಗ ಅವರ ಗಂಟಲು ಎಷ್ಟು ಜೋರು ಅಂತೀರಿ! ನಾನು ಪಕ್ಕದಲ್ಲೇ ಇದ್ದರೂ ಹಳ್ಳದಾಚೆಯವರನ್ನು ಕೂಗಿದಂತೆ ಹೇಳುತ್ತಿದ್ದರು. ಕೆಳಗೆ ಅಡುಗೆಮನೆಯಲ್ಲಿ ಕೂತರೆ ಇದೇ ಹೆಂಗಸಿನ ಮಾತು ಕೇಳಿಸಿಕೊಳ್ಳಲು ಹತ್ತಿರ ಸರಿಯಬೇಕಿತ್ತು. ಕಂಟೋನ್ಮೆಂಟಿನವಳಿಗೆ ಕಿವಿ ಮಂದ ಎಂದುಕೊಂಡಿದ್ದಾರೋ ಏನೋ ಎಂದು ನನ್ನವರ ಹತ್ತಿರ ಗೊಣಗಿದ್ದೆ. ಅವರು ನಕ್ಕರು. ಆ ಊರಿನ ಗಂಡಸರಿಗೆ ಗೊತ್ತಿದ್ದರೂ ಹೇಳದ ಸಂಗತಿಗಳು ಬಹಳ ಇದ್ದವು.

ಅವರ ಕುತೂಹಲ ಬರೀ ತಮ್ಮ ಓಣಿಗೆ ಸೀಮಿತವಲ್ಲ. ನನ್ನ ತಮ್ಮನ ಮದುವೆಗೆಂದು ನಮ್ಮ ಜೊತೆ ಬಳ್ಳಾರಿಗೆ ಬಂದರು. ಕಂಟೋನ್ಮೆಂಟಿನ ಮನೆಯೊಳಗೆ ನಿಂತು ಹೆಂಚುಗಳ ಸಂದಿಯಿಂದ ಬರುವ ಬೆಳಕಿನ ಕಡ್ಡಿಗಳನ್ನು ನೋಡಿ ಅವರಿಗೆ ದೊಡ್ಡ ಆಶ್ಚರ್ಯ. ಬೆಳಕು ಬರುವಲ್ಲಿ ನೀರೇಕೆ ಬರುವುದಿಲ್ಲ? ಅಪ್ಪನನ್ನು ಕೇಳಿದರು. ಅಪ್ಪ ಕಚೇರಿಯ ಕಡತ ಕಂಡವರೇ ಹೊರತು ಹೆಂಚು ಕಂಡವರಲ್ಲ, ಆದರೂ ಬಿಡಲಿಲ್ಲ. ಮದುವೆಯ ಗದ್ದಲದ ನಡುವೆ ಇಬ್ಬರೂ ಅಂಗಳದಲ್ಲಿ ಎರಡು ಹೆಂಚುಗಳನ್ನು ಒಂದರ ಮೇಲೊಂದು ಇಟ್ಟು, ನೀರು ಹೊಯ್ದು, ಒಂದರ ತುಟಿ ಇನ್ನೊಂದರ ಮೇಲೆ ಹೇಗೆ ಕೂರುತ್ತದೆಂದು ನೋಡುತ್ತ ಅರ್ಧ ಹೊತ್ತು ಕಳೆದರು. ಅಮ್ಮ ಕರೆದು ಕರೆದು ಸಾಕಾದಳು. ಕೊನೆಗೆ ಇಬ್ಬರೂ ಸೇರಿ, ಹೆಂಚಿನ ಮನೆಗೆ ಇಳಿಜಾರೇ ಜೀವ ಎಂದು ತೀರ್ಮಾನಿಸಿ, ತೃಪ್ತಿಯಿಂದ ಊಟಕ್ಕೆ ಬಂದರು.

ಅಲ್ಲಿಂದ ಬರುವಾಗ ಕುರುಗೋಡಿಗೆ ಹೋದೆವು. ಅದು ಅವರ ತವರು. ಅಲ್ಲಿ ಗುಡ್ಡದ ಕಲ್ಲು ಧಾರಾಳ, ಅವರ ಮನೆಯ ಹೊದಿಕೆಯೂ ಕಲ್ಲಿನ ಚಪ್ಪಡಿ. ಇಂಥ ಗಟ್ಟಿ ಸೂರಿನ ಕೆಳಗೆ ಹುಟ್ಟಿದವರಿಗೆ ಈ ಹುಚ್ಚು ಎಲ್ಲಿಂದ ಬಂತು ಎಂದು ಕೇಳಿದೆ. ಕಲ್ಲಿನ ಮನೆಯವರೆಂಬ ಜಂಬದಿಂದ ಗಂಡನ ಮನೆಗೆ ಹೋಗಿ, ಮೊದಲ ಮಳೆಗೇ ಹಿಟ್ಟಿನ ಮಡಕೆಯೊಳಗೆ ಕೆಸರು ಬಿದ್ದು, ಅತ್ತೆಯ ಕೈಲಿ ಅನ್ನಿಸಿಕೊಂಡದ್ದೇ ಶುರು ಎಂದರು. ಅತ್ತೆ ಬೈದದ್ದಕ್ಕೆ ಬೇಸರವಾಗಲಿಲ್ಲವಂತೆ. ಇಷ್ಟು ದಪ್ಪ ಮಣ್ಣಿನೊಳಗೆ ನೀರು ದಾರಿ ಹುಡುಕಿಕೊಂಡು ಬಂದದ್ದಾದರೂ ಹೇಗೆ ಎಂಬುದೇ ತಲೆ ಕೊರೆಯಿತಂತೆ. ಮೇಲಿನ ಚಪ್ಪಡಿಗಳ ನಡುವೆ ಗಾರೆ ಬಿಟ್ಟುಕೊಂಡ ಕಡೆ ಬೆರಳು ತೋರಿಸಿ, ‘ಕಲ್ಲೇನು ಸೋರಂಗಿಲ್ಲವ್ವಾ. ಎರಡು ಕಲ್ಲು ಕೂಡತಾವಲ್ಲ, ಸೋರೋದು ಅಲ್ಲೇ’ ಎಂದರು.

ಆಗ ಅವರ ಅಣ್ಣನ ಹೆಂಡತಿ ಮಜ್ಜಿಗೆ ತಂದಿಟ್ಟು, ‘ತಂಗಿ ಹೆಂಗದಾಳ?’ ಎಂದು ಕೇಳಿದರು. ದೊಡ್ಡವ್ವ ಮಜ್ಜಿಗೆಯ ಲೋಟ ಎತ್ತಿದವರು ಕೆಳಗಿಡಲಿಲ್ಲ. ಖಾಲಿ ಲೋಟವನ್ನೇ ಬಾಯಿಗೆ ಹಿಡಿದುಕೊಂಡು ಕೂತರು. ಅವರಿಗೊಬ್ಬ ತಂಗಿಯಿದ್ದಾಳೆ ಎಂದು ನನಗೆ ತಿಳಿದದ್ದೇ ಆಗ.

ಊರಿಗೆ ಬಂದ ಮೇಲೆ ಅತ್ತೆಯ ಬೆನ್ನು ಹತ್ತಿದೆ. ಅವರು ಹೇಳಿದ ಮೇಲೆ ನನ್ನ ಬಾಯಿ ತೆರೆದದ್ದು ಮುಚ್ಚಲಿಲ್ಲ. ದೊಡ್ಡವ್ವನ ಮನೆಯ ಆಚೆ ಮಗ್ಗುಲಲ್ಲಿ ಇದ್ದವಳೇ ಆ ತಂಗಿ! ಅಕ್ಕ ತಂಗಿಯರನ್ನು ಅಣ್ಣ ತಮ್ಮಂದಿರು ಮದುವೆಯಾಗಿದ್ದರು. ಮೊದಲು ಅದೆಲ್ಲ ಒಂದೇ ಮನೆ. ಎತ್ತಿನ ಜೋಡಿಯ ವಿಷಯಕ್ಕೆ ಗಂಡಸರಿಗೆ ಮಾತು ಬೆಳೆದು, ಪಾಲಾಗಿ, ಮನೆಯ ನಡುವೆ ಗೋಡೆ ಎದ್ದಿತು. ಗಂಡಸರು ಸಂತೆಯಲ್ಲಿ ಎದುರಾದರೆ ಹೂಂ ಉಹೂಂ ಎನ್ನುವಷ್ಟಕ್ಕೆ ಬಂದರೂ ಹೆಂಗಸರು ಮಾತು ಬಿಟ್ಟವರು ಬಿಟ್ಟೇಬಿಟ್ಟರು. ಪಾಲಿನ ದಿನ ಹಿರಿಯರೆಲ್ಲ ಕೂತಿದ್ದಾಗ ದೊಡ್ಡವ್ವ ಒಳಗಿನಿಂದಲೇ ಒಂದು ಮಾತು ಹೇಳಿ ಕಳಿಸಿದ್ದರಂತೆ: ಅವರ ಮಾಳಿಗೆಯ ನೀರು ನಮ್ಮ ಮಾಳಿಗೆಯ ಮೇಲೆ ಬರಕೂಡದು.

ಆ ಓಣಿಯಲ್ಲಿ ಅದು ಸಣ್ಣ ಮಾತಲ್ಲ. ಒಬ್ಬರ ನೀರನ್ನು ಒಂದು ಮಳೆಗಾಲ ಮೈಮೇಲೆ ಹರಿಯಗೊಟ್ಟರೆ ಆ ದಾರಿ ಶಾಶ್ವತವಾಗಿ ಅವರದಾಗುತ್ತದೆ, ಆಮೇಲೆ ತಡೆಯುವ ಹಾಗಿಲ್ಲ. ಹಿರಿಯರು ಒಪ್ಪಿದರು. ಹೊಲಕ್ಕೆ ಹಾಕುವ ಹಾಗೆ ಮಾಳಿಗೆಯ ನಟ್ಟನಡುವೆ, ಕೆಳಗಿನ ಗೋಡೆಯ ನೇರಕ್ಕೆ, ಮಣ್ಣಿನ ಒಡ್ಡು ಹಾಕಿಸಿದರು. ಆದರೆ ಆ ಮಾಳಿಗೆಯನ್ನು ಕಟ್ಟಿದ ಮುತ್ತಜ್ಜ ಪಾಲಿನ ಲೆಕ್ಕ ಹಾಕಿರಲಿಲ್ಲ. ಇಡೀ ಮಾಳಿಗೆಯ ಇಳಿಜಾರು ತಂಗಿಯ ಕಡೆಯಿಂದ ಅಕ್ಕನ ಕಡೆಗೆ. ಮೂರು ತೂಬೂ ಅಕ್ಕನ ಪಾಲಿನ ಹಿತ್ತಲ ಕಡೆಗೆ. ಅರ್ಧ ಮಾಳಿಗೆಗೆ ಮೂರು ತೂಬೇಕೆ ಎಂದು ದೊಡ್ಡವ್ವನ ಗಂಡ ಎರಡನ್ನು ಕಲ್ಲಿಟ್ಟು ಗಾರೆ ಮೆತ್ತಿಸಿ ಮುಚ್ಚಿದರು. ತಂಗಿಯ ಗಂಡ ರಸ್ತೆಯ ಕಡೆ ಕುಂಬಿ ಒಡೆದು ಸೀಮೆಎಣ್ಣೆ ಡಬ್ಬಿಯ ತಗಡಿನಿಂದ ಹೊಸ ತೂಬು ಮಾಡಿಸಿದ. ತಗಡಿನ ಮಾತನ್ನು ನೀರು ಕೇಳುತ್ತದೆಯೇ? ಅದು ಹಳೆಯ ಇಳಿಜಾರು ಹಿಡಿದು ಬಂದು ಒಡ್ಡಿನ ಬುಡದಲ್ಲಿ ಕೆರೆ ಕಟ್ಟಿ ನಿಲ್ಲುತ್ತಿತ್ತು. ನೆಲ ಎತ್ತರವಾಗಲಿ ಎಂದು ಆತ ವರ್ಷ ವರ್ಷ ಅಲ್ಲಿ ಮಣ್ಣಿನ ಮೇಲೆ ಮಣ್ಣು ಪೇರಿಸುತ್ತ ಹೋದ.

ಈಗ ನನಗೆ ಹಲವು ಸಂಗತಿ ಒಟ್ಟಿಗೇ ಹೊಳೆದವು. ಊರವರ ಮಾಳಿಗೆಯನ್ನೆಲ್ಲ ವಿಚಾರಿಸುವ ದೊಡ್ಡವ್ವನ ಮನೆಯಲ್ಲೇ ನಡುಗೋಡೆ ಏಕೆ ಸದಾ ಹಸಿ, ಅದಕ್ಕೆ ಆತುಕೊಂಡ ಬುಟ್ಟಿಗಳಿಗೆಲ್ಲ ಏಕೆ ಬೂಸು ಎಂದು ತಿಳಿಯಿತು. ಆ ದೊಡ್ಡ ಗಂಟಲಿನ ಗುಟ್ಟೂ ತಿಳಿಯಿತು. ಹಳೆಯದನ್ನು ಕೆರೆಯದೆ ಹೊಸದು ಹಾಕಬೇಡ, ತೊಲೆಗೆ ಭಾರ ಎಂದು ನನ್ನ ಕಿವಿಯ ಹತ್ತಿರ ನಿಂತು ಕೂಗಿದ್ದು ನನಗಲ್ಲ. ಒಡ್ಡಿನ ಆಚೆ ಹಪ್ಪಳ ಒಣಹಾಕುತ್ತ, ಈ ಕಡೆ ಬೆನ್ನು ತಿರುಗಿಸಿ ಕೂತಿರುತ್ತಿದ್ದ ಹೆಂಗಸಿಗೆ. ಅಷ್ಟು ದಿನ ಆಕೆಯನ್ನು ಯಾರೋ ಎಂದುಕೊಂಡಿದ್ದೆ. ಪಾಠವೆಲ್ಲ ನನಗೇ ಎಂದು ಬೀಗಿದ್ದವಳಿಗೆ ಒಂದಿಷ್ಟು ಪಿಚ್ಚೆನಿಸಿತು, ನಿಜ. ಆದರೆ ಆಮೇಲೆ ನಾನು ಬೇಕೆಂದೇ ದೊಡ್ಡವ್ವನಿಂದ ದೂರ, ಒಡ್ಡಿನ ಹತ್ತಿರ ಹೋಗಿ ನಿಂತು ಪ್ರಶ್ನೆ ಕೇಳತೊಡಗಿದೆ. ಅವರಿಗೆ ಅರ್ಥವಾಯಿತೋ ಇಲ್ಲವೋ, ಕೂಗಲು ಒಂದು ನೆಪ ಸಿಕ್ಕಿತು.

ಇಳಿಜಾರು ಎತ್ತ ಎಂದು ಓಣಿಗೆಲ್ಲ ಹೇಳುವ ಈ ಹೆಂಗಸಿಗೆ ಪಾಲಿನ ದಿನ ತಮ್ಮ ಮನೆಯ ಇಳಿಜಾರು ಗೊತ್ತಿರಲಿಲ್ಲವೇ? ಇದನ್ನು ನಾನು ಒಮ್ಮೆ ಧೈರ್ಯ ಮಾಡಿ ಕೇಳಿಯೂ ಬಿಟ್ಟೆ. ಅವರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

‘ಗೊತ್ತಿತ್ತು’ ಎಂದರು. ಒಂದು ಕಲ್ಲು ಆರಿಸಿ ಎಸೆದು, ‘ಗೊತ್ತಿದ್ದಾಕಿನ ಹೇಳಿ ಕಳಿಸಿದೆ’ ಎಂದರು.

ಮೊರದಲ್ಲಿ ಕಲ್ಲಿಲ್ಲದಿದ್ದರೂ ಅವರ ಬೆರಳು ಆಡುತ್ತಲೇ ಇತ್ತು.

ಮರುವರ್ಷ ತಂಗಿಯ ಮಗಳು ಚೊಚ್ಚಲ ಹೆರಿಗೆಗೆ ಬಂದಳು. ಗಂಡು ಕೂಸು. ಬಾಣಂತಿಯ ಕೋಣೆ ನಡುಗೋಡೆಗೆ ಒತ್ತಿದ್ದು, ಗಾಳಿ ನುಗ್ಗದ ಜಾಗ. ನಾನು ಎರಡೂ ಮನೆಗೆ ಹೋಗಿಬಂದು ಮಾಡುತ್ತಿದ್ದವಳು, ಬಾಣಂತಿಗೆ ಮೆಣಸಿನ ಸಾರು ಕೊಟ್ಟು ಕೂಸನ್ನು ಎತ್ತಿ ಆಡಿಸಿ ಬಂದಿದ್ದೆ. ಬಂದ ಮೇಲೆ ದೊಡ್ಡವ್ವ ಏನೂ ಕೇಳಲಿಲ್ಲ. ನಾನು ಸುಮ್ಮನೆ ಗಾಳಿಗೆ ಹೇಳುವವಳಂತೆ, ಕೂಸಿಗೆ ಕುರುಗೋಡಿನವರ ಮೂಗು ಬಂದಿದೆ ಎಂದೆ. ಅವರು ಎದ್ದು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆಗಲೇ ಉತ್ತರಿ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಸಾಮಾನ್ಯವಾಗಿ ಬಂತು ಹೋಯಿತು ಎನ್ನುವಂಥದ್ದು. ಈ ಸಲ ಕೂತೇಬಿಟ್ಟಿತು. ಹೊಳೆ ಏರುತ್ತಿದೆ ಎಂದು ಗಂಡಸರೆಲ್ಲ ದನ ಹೊಡೆದುಕೊಂಡು ಬರಲು ಹೊಲದ ಕಡೆ ಹೋಗಿದ್ದರು. ಬೆಳಿಗ್ಗೆ ತೂಬಿಗೆ ಸಿಕ್ಕ ಬೇವಿನೆಲೆ ತೆಗೆಯಲೆಂದು ಮೇಲೆ ಹತ್ತಿದೆ. ದೊಡ್ಡವ್ವ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಒಡ್ಡಿನ ಪಕ್ಕದಲ್ಲಿ ನಿಂತಿದ್ದರು. ಆಚೆ ಬದಿಗೆ ಕೆಂಪು ನೀರು ಒಡ್ಡಿನ ಅಂಚಿನವರೆಗೆ ತುಂಬಿ ನಿಂತಿತ್ತು. ತಗಡಿನ ತೂಬಿನಿಂದ ಒಂದು ಸಣ್ಣ ದಾರ ಬೀಳುತ್ತಿತ್ತು, ಅಷ್ಟೇ.

‘ಒಳಗ ಹೋಗಿದ್ದ್ಯಲ್ಲ, ಬಾಣಂತಿ ಎಲ್ಲಿ ಮಲಗ್ಯಾಳ?’ ಎಂದರು.

‘ನಡುಗೋಡಿಗೆ’ ಎಂದೆ. ಅಲ್ಲಿದ್ದು ಇಲ್ಲಿದ್ದು ನನಗೂ ಅವರ ಮಾತು ಬಂದಿತ್ತು.

ತೊಲೆಯಿಂದ ಮಣ್ಣು ಉದುರುತ್ತದೆಯೇ ಎಂದು ಕೇಳಿದರು. ಕೂಸಿನ ಕಣ್ಣಿಗೆ ಬೀಳಬಾರದೆಂದು ಮೇಲೆ ಒಂದು ಸೀರೆ ಕಟ್ಟಿದ್ದಾರೆ ಎಂದು ನಾನು ಹೇಳಿದೆ, ಏನೋ ಜಾಣತನದ ವ್ಯವಸ್ಥೆ ಎಂಬಂತೆ. ಆ ಸೀರೆ ಹೊಟ್ಟೆ ಬಿಟ್ಟುಕೊಂಡು ಜೋತಿದೆ ಎಂಬುದನ್ನೂ ಹೇಳಿದೆ. ಒಡ್ಡು ಮತ್ತು ಆಚೆಯ ಮಣ್ಣು ಸ್ವಲ್ಪ ಬಾಗಿದಂತಿದ್ದ ಕಡೆ ಅವರು ನಿಧಾನವಾಗಿ ಹಿಮ್ಮಡಿ ಊರಿದರು. ಸದ್ದೇ ಬರಲಿಲ್ಲ. ಹಿಮ್ಮಡಿ ಮೆತ್ತಗೆ ಒಳಗೆ ಇಳಿಯಿತು.

‘ಜಲ್ದಿ ಹೋಗು. ಅವರನ್ನ ಆ ಕೋಣ್ಯಾಗಿಂದ ಹೊರಗ ಹಾಕು. ನಾ ಹೇಳೇನಿ ಅನ್ನು.’

ಕೆಳಗಿಳಿದು ಓಡಿದೆ. ತಂಗಿ ಬಾಣಂತಿಯ ಕಾಲಿಗೆ ಬಿಸಿಶಾಖ ಕೊಡುತ್ತಿದ್ದರು. ವಿಷಯ ಹೇಳಿದೆ. ಆಕೆ ಮೇಲೆ ನೋಡಿದರು, ಜೋತುಬಿದ್ದ ಸೀರೆ ನೋಡಿದರು, ಬಾಗಿಲಾಚೆ ಸುರಿಯುವ ಅಂಗಳ ನೋಡಿದರು. ಹಸಿ ಬಾಣಂತಿಯನ್ನು ಈ ಗಾಳಿ ನೀರಿನಲ್ಲಿ ಅಂಗಳ ದಾಟಿಸಿ ಎಲ್ಲಿಗೆ ಒಯ್ಯಲಿ, ಸನ್ನಿ ಹಿಡಿದರೆ ಯಾರು ಗತಿ ಎಂದರು. ದೊಡ್ಡವ್ವನೇ ಹೇಳಿ ಕಳಿಸಿದ್ದಾರೆ ಎಂದೆ. ಶಾಖದ ಬಟ್ಟೆ ಹಿಡಿದ ಕೈ ನಿಂತಿತು.

‘ಒಡ್ಡು ಹಾಕಿಸಿದಾಕಿ ಆಕಿನ. ಈಗ ಯಾವ ಬಾಯಿಲೆ ಹೇಳತಾಳ?’

ಆ ಮಾತು ಮುಗಿದಿರಲಿಲ್ಲ, ತಲೆಯ ಮೇಲೆ ಧಪ್ ಎಂದು ಸದ್ದಾಯಿತು. ಇನ್ನೊಂದು. ಮತ್ತೊಂದು. ಸೀರೆಯೊಳಕ್ಕೆ ಮಣ್ಣು ಜಲಜಲನೆ ಉದುರಿತು. ಬಾಣಂತಿ ಕೂಸನ್ನು ಎದೆಗವಚಿಕೊಂಡು ಗೋಡೆಯಿಂದ ದೂರ ಸರಿದಳು. ಸಲಿಕೆಯ ಸದ್ದು ಅದು. ತಂಗಿಗೆ ಕೂಡಲೇ ತಿಳಿಯಿತು. ಒಡ್ಡು ಕಡಿಯುತ್ತಿದ್ದಾಳೆ ಎಂದು ಎದ್ದು ನಿಂತರು. ಆಗ ಮೇಲೆ ಏನೋ ಕಿತ್ತುಕೊಂಡಂತಾಗಿ, ನೀರು ಭರ್ರನೆ ಓಡುವ ಸದ್ದು ನಮ್ಮ ತಲೆಯ ಮೇಲಿಂದ ಗೋಡೆಯಾಚೆಗೆ ದಾಟಿ ಹೋಯಿತು.

ತೊಲೆ ಒಮ್ಮೆ ಕಿರ್ ಎಂದು ಸುಮ್ಮನಾಯಿತು. ಸೀರೆಗೆ ಬೀಳುತ್ತಿದ್ದ ಮಣ್ಣು ಕಡಿಮೆಯಾಗಿ, ನಿಂತಿತು. ಕೂಸು ಸಣ್ಣಗೆ ಕೊಸರಿ ಮತ್ತೆ ಮಲಗಿತು. ಅಷ್ಟರಲ್ಲಿ ಗೋಡೆಯಾಚೆ, ದೊಡ್ಡವ್ವನ ಮನೆಯೊಳಗೆ, ಕೊಡದಿಂದ ಹೊಯ್ದಂತೆ ನೀರು ಬೀಳತೊಡಗಿತು. ಒಲೆ ಚುಸ್ಸೆಂದು ಆರಿದ್ದು ನಮಗೆ ಕೇಳಿಸಿತು. ಹಿತ್ತಾಳೆ ಪಾತ್ರೆಗಳು ಒಂದಕ್ಕೊಂದು ಬಡಿದುಕೊಂಡು ಉರುಳಿದವು. ಎರಡು ತೂಬು ಮುಚ್ಚಿದ ಮಾಳಿಗೆ ಅಷ್ಟು ನೀರನ್ನು ಎಲ್ಲಿ ಹಾಕೀತು? ಅಡುಗೆಮನೆಗೆಂದು ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯಿಂದ ಒಳಗೇ ಸುರಿಯುತ್ತಿತ್ತು. ಯಾರ ಮನೆಯಲ್ಲೂ ಒಂದು ಹನಿ ಸೋರಿದರೆ ಸಹಿಸದ ಹೆಂಗಸು ತಮ್ಮ ಮನೆಗೆ ಕೆರೆಯನ್ನೇ ಬಿಟ್ಟುಕೊಂಡಿದ್ದರು. ಮೊದಲು ತೂಬು ಬಿಚ್ಚಿಕೊಂಡು ಆಮೇಲೆ ಒಡ್ಡು ಕಡಿಯಬಾರದಿತ್ತೇ ಎಂದು ಎಷ್ಟೋ ದಿನದ ಮೇಲೆ ಕೇಳಿದ್ದೆ. ಗಾರೆ ಕೀಳುತ್ತ ಕೂರುವಷ್ಟು ಹೊತ್ತು ತೊಲೆ ಕೊಡುತ್ತಿರಲಿಲ್ಲ ಎಂದಿದ್ದರು.

ತಂಗಿ ಆ ಸದ್ದನ್ನು ಕೇಳುತ್ತ ನಿಂತೇ ಇದ್ದರು. ಆಕೆಯ ಮುಖದಲ್ಲಿ ಏನಿದೆ ಎಂದು ಓದಲು ನನಗೆ ಆಗಲಿಲ್ಲ. ಆಮೇಲೆ ಬಾಗಿಲ ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ಎತ್ತಿಕೊಂಡು ಏಣಿ ಹತ್ತಿದರು. ಬೇಡ್ರಿ, ಬೇಡ್ರಿ ಎನ್ನುತ್ತ ನಾನೂ ಹಿಂದೆಯೇ ಹತ್ತಿದೆ.

ಮೇಲೆ ದೊಡ್ಡವ್ವ ಕಡಿದ ಬಾಯಿಯಲ್ಲಿ ನಿಂತಿದ್ದರು. ನೀರಿನ ರಭಸಕ್ಕೆ ಅದು ಇನ್ನೂ ಅಗಲವಾಗಿ ತೊಲೆಯ ಮೇಲಿನ ಮಣ್ಣೆಲ್ಲ ಕೊಚ್ಚಿಹೋಗದಂತೆ ಗೋಣಿಚೀಲ ಅಡ್ಡ ಒತ್ತಿ, ಎರಡೂ ಕಾಲಿಂದ ಅದನ್ನು ಮೆಟ್ಟಿ ಹಿಡಿದಿದ್ದರು. ಅಲ್ಲಿಂದ ಅಲುಗಾಡುವ ಹಾಗಿರಲಿಲ್ಲ. ಮೊಣಕಾಲವರೆಗೆ ಕೆಸರು, ತಲೆಯ ಮೇಲೆ ಮಳೆ. ಹಾರೆ ಹಿಡಿದು ಬಂದ ತಂಗಿಯನ್ನು ಕಂಡರು. ಸರಿಯಲಿಲ್ಲ, ಕೈಯನ್ನೂ ಅಡ್ಡ ತರಲಿಲ್ಲ.

‘ಕೂಸು?’ ಎಂದಷ್ಟೇ ಕೇಳಿದರು.

‘ಮಲಗೈತಿ.’

ತಂಗಿ ಅವರ ಪಕ್ಕದಲ್ಲೇ ಹಾದು, ಒಡ್ಡು ದಾಟಿ, ಪಾಲಾದ ಮೇಲೆ ಕಾಲಿಡದಿದ್ದ ಮಾಳಿಗೆಯ ಮೇಲೆ ಕಾಲಿಟ್ಟರು. ನೀರಿನಲ್ಲಿ ಬಳಬಳ ನಡೆಯುತ್ತ ನೇರವಾಗಿ ಹಿತ್ತಲ ಕಡೆಯ ಕುಂಬಿಗೆ ಹೋಗಿ, ಮುಚ್ಚಿದ ತೂಬಿನ ಮುಂದೆ ಕೂತು, ಗಾರೆಗೆ ಹಾರೆ ಇಟ್ಟು ಮೀಟತೊಡಗಿದರು.

ದೊಡ್ಡವ್ವ ನಿಂತಲ್ಲಿಂದಲೇ ಕೂಗಿ ಹೇಳಿದರು, ‘ಎಡಗಡೀದು ಮೊದಲು ತಗಿ. ಅದು ದೊಡ್ಡದು.’

ತಂಗಿ ತಿರುಗಿ ನೋಡಲಿಲ್ಲ. ಹಾರೆಯನ್ನು ಇನ್ನೂ ಬಲವಾಗಿ ಒತ್ತಿದರು.

‘ನನಗ ಗೊತ್ತಿಲ್ಲೇನಕ್ಕ? ಒಂದ ಮದುವಿ ಹಂದರದಾಗ ಅಕ್ಕಿಕಾಳು ಹಾಕಿಸ್ಕೊಂಡು, ಇಬ್ರೂ ಕೂಡಿ ಬಂದೀವಿ ಈ ಮನಿಗೆ.’